ಕ್ರಾಫ್ಟ್ ಬಿಯರ್‌ಗೆ ಮಾರ್ಕ್ಸ್ ಹಾಕೋದು ಹೇಗೆ: ಮೊದಲು ಮೂಗು, ಆಮೇಲೆ ನಾಲಿಗೆ

ಮರದ ಟ್ರೇನಲ್ಲಿ ಆರು ಪುಟ್ಟ ಗ್ಲಾಸು ಬರತ್ತೆ. ಗೋಧಿ ಬಿಯರ್, ಬೆಲ್ಜಿಯನ್ ವಿಟ್ (ಅದೂ ಗೋಧೀದೇ), ಹಗುರ ಲಾಗರ್, ಕಹಿ ಜಾಸ್ತಿ ಇರೋ ಐಪಿಎ, ಕಪ್ಪನೆ ಸ್ಟೌಟ್, ಕೊನೇಲೊಂದು ಹುಳಿ ಬಿಯರ್. ಟೇಬಲ್ಲಲ್ಲಿ ಕೂತೋರು ಎರಡೇ ನಿಮಿಷದಲ್ಲಿ ಆರನ್ನೂ ಗಂಟಲಿಗಿಳಿಸಿ ತೀರ್ಪು ಕೊಟ್ಬಿಡ್ತಾರೆ: ಗೋಧಿದು ಸಪ್ಪೆ, ಐಪಿಎ ಬರೀ ಕಹಿ, ಹುಳಿದು ಕೆಟ್ಟೋಗಿದೆ, ಸ್ಟೌಟ್ ಪರ್ವಾಗಿಲ್ಲ ಕಿಕ್ ಇದೆ. ಹೀಗೆ ಹೇಳಿ ಫೋನ್ ತೆಗೆದು ಐದರಲ್ಲಿ ಎರಡು ಸ್ಟಾರ್ ಒತ್ತಿ ಮುಗಿಸ್ತಾರೆ. ಬೆಂಗಳೂರಲ್ಲಿ ಲ್ಯಾವೆಲ್ ರೋಡು, ಇಂದಿರಾನಗರದ ಕಡೆ ತಾವೇ ಬಿಯರ್ ಮಾಡಿ ಬಡಿಸೋ ಮೈಕ್ರೋಬ್ರೂವರಿಗಳು ಶುರುವಾಗಿದ್ದು 2011ರ ಆಸುಪಾಸಲ್ಲಿ, ಅಲ್ಲಿಂದ ಇಲ್ಲೀತನಕ ಈ ದೃಶ್ಯ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ, ನೋಡಿದಾಗೆಲ್ಲ ಸಂಕಟ ಆಗತ್ತೆ, ಯಾಕಂದ್ರೆ ವಾರಗಟ್ಟಲೆ ಕೂತು ಮಾಡಿರೋ ಬಿಯರನ್ನ ಅದು ಏನಾಗೋಕೆ ಹೊರಟಿತ್ತು ಅಂತಾನೇ ಕೇಳದೆ ಫೇಲ್ ಮಾಡಿದ ಹಾಗೆ ಅದು. ಸರಿಯಾಗಿ ರುಚಿ ನೋಡೋದು ಕಷ್ಟ ಇಲ್ಲ, ಆದ್ರೆ ಒಂದು ಕ್ರಮ ಬೇಕು.

ಶುರು ಮಾಡೋಕೆ ಮುಂಚೆ

ಅವತ್ತು ಸೆಂಟ್ ಹಾಕ್ಕೋಬೇಡಿ, ಘಾಟಾದ ಹ್ಯಾಂಡ್ ಸ್ಯಾನಿಟೈಸರ್ ಬಳಸ್ಬೇಡಿ, ಸಿಗರೇಟು ಬೇಡ. ಕಾಫಿ ಕುಡಿದು ಒಂದು ಗಂಟೆನಾದ್ರೂ ಆಗಿರ್ಲಿ. ಖಾರದ್ದು, ಬೆಳ್ಳುಳ್ಳಿ ಹಾಕಿದ್ದು ತಿಂದು ಬಂದ್ರೆ ಮೊದಲ ಎರಡು ಬಿಯರ್ ಪೂರ್ತಿ ವೇಸ್ಟು. ಹಾಗಂತ ಖಾಲಿ ಹೊಟ್ಟೇಲೂ ಕೂರಬೇಡಿ, ಎರಡು ಇಡ್ಲಿ ಚಟ್ನಿ ಇಲ್ಲದೆ, ಅಥವಾ ಮೊಸರನ್ನ ತಿಂದು ಬನ್ನಿ. ಶೀತ ಆಗಿ ಮೂಗು ಕಟ್ಟಿದ್ರೆ ಕಾರ್ಯಕ್ರಮ ಮುಂದಕ್ಕೆ ಹಾಕಿ. ಗಾಡಿ ಮನೇಲಿ ಬಿಟ್ಟು ಮೆಟ್ರೋಲೋ ಆಟೋಲೋ ಹೋಗಿ, ಇದರಲ್ಲಿ ಚರ್ಚೆ ಇಲ್ಲ.

ಗ್ಲಾಸು

ಮನೇಲಿ ಮಾಡೋದಾದ್ರೆ ಬಾಯಿ ಸ್ವಲ್ಪ ಒಳಕ್ಕೆ ಬಾಗಿರೋ ಗ್ಲಾಸ್ ತಗೊಳ್ಳಿ, ಸಾಧಾರಣ ವೈನ್ ಗ್ಲಾಸೇ ಸಾಕು. ಘಮ ಅದರೊಳಗೆ ನಿಲ್ಲತ್ತೆ. ಸ್ಟೀಲ್ ಲೋಟ ಬೇಡ, ಬಣ್ಣ ಕಾಣಲ್ಲ. ದಪ್ಪ ಹಿಡಿಯ ಬಿಯರ್ ಮಗ್ಗು ಫೋಟೋಗೆ ಚೆಂದ, ಅಷ್ಟೆ. ಅದನ್ನ ಫ್ರೀಜರಲ್ಲಿಟ್ಟು ಮಂಜು ಹಿಡಿಸಿ ಕೊಡೋ ಕಡೆ ನೇರವಾಗಿ ಹೇಳಿ, ನಂಗೆ ಮಾಮೂಲಿ ಗ್ಲಾಸೇ ಕೊಡಿ ಅಂತ. ಆ ಮಂಜು ಕರಗಿ ಬಿಯರಿಗೆ ನೀರು ಸೇರತ್ತೆ, ಫ್ರೀಜರಲ್ಲಿರೋ ಮೀನಿನ ವಾಸನೆನೂ ಒಮ್ಮೊಮ್ಮೆ ಜೊತೇಲೇ ಬರತ್ತೆ.

ಗ್ಲಾಸ್ ತೊಳೆಯೋದ್ರಲ್ಲೇ ಅರ್ಧ ಜನ ಎಡವೋದು. ನಿಂಬೆ ವಾಸನೆಯ ಪಾತ್ರೆ ಸೋಪಿಂದ ತೊಳೆದು ಸರಿಯಾಗಿ ಜಾಲಾಡಿಸದೆ ಇಟ್ಟಿರ್ತಾರೆ. ಒಂದ್ಸಲ ಸ್ನೇಹಿತರ ಮನೇಲಿ ನಾಲ್ಕು ಜನ ಕೂತು ಪಿಲ್ಸ್‌ನರ್ ಅನ್ನೋ ಥರದ ಒಂದು ಲಾಗರಲ್ಲಿ ನಿಂಬೆಯ ಘಮ ಎಷ್ಟು ಚೆನ್ನಾಗಿದೆ ಅಂತ ಬರ್ಕೊಂಡ್ವಿ, ಮುಂದಿನ ಸ್ಟೌಟಲ್ಲೂ ಅದೇ ನಿಂಬೆ ಬಂದಾಗ್ಲೇ ಗೊತ್ತಾಗಿದ್ದು ಅದು ಸೋಪು ಅಂತ, ಅಷ್ಟೂ ಹಾಳೆ ಹರಿದು ಮತ್ತೆ ಮೊದಲಿಂದ ಶುರು ಮಾಡಿದ್ವಿ. ವಾಸನೆ ಇಲ್ಲದ ಸೋಪು, ಎಣ್ಣೆ ಪಾತ್ರೆಗೆ ಮುಟ್ಟಿಸದ ಬೇರೆ ಸ್ಕ್ರಬ್ಬರು, ಬಿಸಿನೀರಲ್ಲಿ ಮೂರು ಸಲ ಜಾಲಾಡಿಸಿ, ಬಟ್ಟೇಲಿ ಒರೆಸದೆ ಬೋರಲು ಹಾಕಿ ಒಣಗಿಸಿ. ಶುದ್ಧ ಆಗಿದೆಯಾ ಅಂತ ನೋಡೋಕೆ ಗ್ಲಾಸಿನ ಒಳಗೆ ನೀರು ಮುಟ್ಟಿಸಿ ಪುಡಿ ಉಪ್ಪು ಉದುರಿಸಿ, ಎಲ್ಲಾ ಕಡೆ ಸಮವಾಗಿ ಅಂಟಿದ್ರೆ ಸರಿ, ಅಲ್ಲಲ್ಲಿ ಬೋಳು ಜಾಗ ಉಳಿದ್ರೆ ಅಲ್ಲಿ ಜಿಡ್ಡಿದೆ. ಪಬ್ಬಲ್ಲಾದ್ರೆ ಬಿಯರ್ ಸುರಿದ ಮೇಲೆ ಗ್ಲಾಸಿನ ಗೋಡೆ ನೋಡಿ, ಸೋಡಾದಲ್ಲಿ ಸ್ಟ್ರಾಗೆ ಗುಳ್ಳೆ ಹತ್ಕೊಂಡ ಹಾಗೆ ಗೋಡೆಗೆ ಗುಳ್ಳೆ ಮೆತ್ಕೊಂಡು ನಿಂತಿದ್ರೆ ಗ್ಲಾಸ್ ಕೊಳಕು, ಬದಲಾಯಿಸಿ ಕೊಡಿ ಅಂತ ಕೇಳೋಕೆ ಸಂಕೋಚ ಪಡಬೇಡಿ.

ಎಷ್ಟು, ಯಾವ ಕ್ರಮದಲ್ಲಿ, ಎಷ್ಟು ತಣ್ಣಗೆ

ಒಂದು ಸಲಕ್ಕೆ ಐದು ಬಿಯರ್, ಒಂದೊಂದು 100 ಮಿಲಿ. ಇದಕ್ಕಿಂತ ಜಾಸ್ತಿ ಆದ್ರೆ ನೀವು ಬರೆಯೋದು ಬಿಯರ್ ಬಗ್ಗೆ ಅಲ್ಲ, ಅಮಲಿನ ಬಗ್ಗೆ. ಹಗುರದಿಂದ ಭಾರಕ್ಕೆ, ಕಮ್ಮಿ ಕಹಿಯಿಂದ ಜಾಸ್ತಿ ಕಹಿಗೆ ಹೋಗಿ: ಮೊದಲು ಗೋಧಿ ಅಥವಾ ವಿಟ್, ಆಮೇಲೆ ಲಾಗರ್ ಪಿಲ್ಸ್‌ನರ್, ಆಮೇಲೆ ಸ್ಟೌಟ್, ಕೊನೆಗೆ ಐಪಿಎ. ಕಹಿಯನ್ನ ಅಳೆಯೋಕೆ ಐಬಿಯು ಅಂತ ಒಂದು ಲೆಕ್ಕ ಇದೆ, ಜರ್ಮನ್ ಗೋಧಿ ಬಿಯರ್ 8ರಿಂದ 15 ಇದ್ರೆ ಅಮೆರಿಕನ್ ಐಪಿಎ 40ರಿಂದ 70, ಹಾಗಾಗಿ ಐಪಿಎ ಕುಡಿದು ಗೋಧಿಗೆ ಬಂದ್ರೆ ಅದು ಸಪ್ಪೆ ಅನ್ನಿಸ್ದೆ ಇನ್ನೇನಾಗತ್ತೆ, ಮೈಸೂರ್ ಪಾಕ್ ತಿಂದು ಕಾಫಿ ಕುಡಿದ್ರೆ ಸಕ್ಕರೆ ಇಲ್ಲ ಅನ್ನಿಸತ್ತಲ್ಲ ಹಾಗೆ. ಹುಳಿ ಬಿಯರನ್ನ ಕೆಲವರು ಮೊದಲೇ ಇಡ್ತಾರೆ. ನಾನು ಅದಕ್ಕೊಂದು ಬೇರೆ ದಿನಾನೇ ಇಡ್ತೀನಿ, ಹುಳಿ ಸೇರಿದ ನಾಲಿಗೆ ಮುಂದಿನ ಲಾಗರಿಗೆ ನ್ಯಾಯ ಮಾಡಲ್ಲ.

ಇನ್ನು ತಣ್ಣಗಿನ ವಿಷಯ. ಬೆಂಗಳೂರಲ್ಲಿ ಒಂದು ದೊಡ್ಡ ಕಂಪನಿ 1915ರಿಂದ ಬಿಯರ್ ವ್ಯಾಪಾರ ಮಾಡ್ತಾ ಬಂದಿದೆ, ನಮ್ಮೂರಿಗೆ ಬಿಯರ್ ಹೊಸದೇನಲ್ಲ, ಆದ್ರೆ ಬಹಳ ಕಾಲ ಬಿಯರ್ ಅಂದ್ರೆ ಒಂದೇ ಥರ ಹಗುರ ಲಾಗರು, ಅದನ್ನ ಐಸ್‌ನಷ್ಟು ತಣ್ಣಗೆ ಕುಡಿಯೋದು ರೂಢಿ, ಅದು ಆ ಬಿಯರಿಗೆ ಸರಿಯಾಗೇ ಇತ್ತು. ಅದೇ ರೂಢಿ ಸ್ಟೌಟಿಗೆ ತಂದ್ರೆ ಆಗಲ್ಲ. ಜಾಸ್ತಿ ತಣ್ಣಗಿದ್ರೆ ಘಮ ಮೇಲಕ್ಕೆ ಏಳೋದೇ ಇಲ್ಲ, ನಾಲಿಗೇನೂ ಮರಗಟ್ಟತ್ತೆ. ಲಾಗರ್ 4ರಿಂದ 7 ಡಿಗ್ರಿ, ಗೋಧಿ ಮತ್ತೆ ಐಪಿಎ 7ರಿಂದ 10, ಸ್ಟೌಟ್ 10ರಿಂದ 13 ಡಿಗ್ರಿ ಸೆಲ್ಸಿಯಸ್ ಇದ್ರೆ ಚೆನ್ನ. ಥರ್ಮಾಮೀಟರ್ ಬೇಡ, ಫ್ರಿಜ್ಜಿಂದ ಸ್ಟೌಟ್ ತೆಗೆದು ಹದಿನೈದು ನಿಮಿಷ ಹೊರಗಿಡಿ. ಪಬ್ಬಲ್ಲಿ ಗ್ಲಾಸನ್ನ ಎರಡೂ ಅಂಗೈಲಿ ಹಿಡ್ಕೊಂಡು ಕೂತ್ಕೊಳ್ಳಿ, ಅದೇ ಬಿಯರ್ ಐದೈದು ನಿಮಿಷಕ್ಕೆ ಹೇಗೆ ಬಿಚ್ಕೊಳ್ಳತ್ತೆ ನೋಡಿ.

ನಡುನಡುವೆ ಬಾಯಿಗೆ ನೀರು, ಜೊತೆಗೆ ಖಾರ ಹಾಕದ ಕಡ್ಲೆಪುರಿ ಅಥವಾ ಸಪ್ಪೆ ಬ್ರೆಡ್ಡು. ಪೀನಟ್ ಮಸಾಲ, ಕಾಂಗ್ರೆಸ್ ಕಡ್ಲೆಬೀಜ, ಗೋಬಿ ಮಂಚೂರಿ ಎಲ್ಲಾ ಆಮೇಲೆ, ಮಾರ್ಕ್ಸ್ ಹಾಕಿ ಪೆನ್ ಕೆಳಗಿಟ್ಟ ಮೇಲೆ.

ಸುರಿಯೋದು, ನೋಡೋದು

ಗ್ಲಾಸ್ ಓರೆ ಹಿಡಿದು ಶುರು ಮಾಡಿ, ಅರ್ಧ ಆದ್ಮೇಲೆ ನೆಟ್ಟಗೆ ಮಾಡಿ, ಒಂದೂವರೆ ಎರಡು ಬೆರಳು ನೊರೆ ಬರಬೇಕು. ನೊರೆ ಬಂದ್ರೆ ಮೋಸ ಅಂತ ಅನ್ಕೋಬೇಡಿ, ಘಮ ಹೊತ್ತು ತರೋದೇ ನೊರೆ. ಬಾಟಲಿಯ ಹೆಫೆವೈಜನ್, ಅಂದ್ರೆ ಸೋಸದ ಜರ್ಮನ್ ಗೋಧಿ ಬಿಯರ್ ಆದ್ರೆ ಕೊನೇ ಗುಟುಕು ಉಳಿಸಿ ಬಾಟಲಿ ಗಿರ್ರಂತ ತಿರುಗಿಸಿ ತಳದ ಯೀಸ್ಟನ್ನೂ ಗ್ಲಾಸಿಗೆ ಸುರೀರಿ, ಹೆಫೆ ಅಂದ್ರೇನೇ ಜರ್ಮನ್ ಭಾಷೇಲಿ ಯೀಸ್ಟು.

ಬೆಳಕಿಗೆ ಹಿಡಿದು ಬಣ್ಣ, ತಿಳಿ ಇದೆಯಾ ಮಸುಕಿದೆಯಾ, ನೊರೆ ಎಷ್ಟು ಹೊತ್ತು ನಿಲ್ಲತ್ತೆ ಇಷ್ಟು ನೋಡಿ ಬರ್ಕೊಳ್ಳಿ. ಹೆಫೆವೈಜನ್ ಮಸುಕಾಗಿದ್ರೆ ಸರಿ, ಪಿಲ್ಸ್‌ನರ್ ಮಸುಕಾಗಿದ್ರೆ ಯಾಕೆ ಅಂತ ಕೇಳಬೇಕು. ಇದಕ್ಕೆ ಹತ್ತು ಸೆಕೆಂಡ್ ಸಾಕು.

ಮೂಸೋದು

ಇಲ್ಲಿ ನಿಧಾನ. ಆತುರ ಪಟ್ರೆ ಮಿಕ್ಕಿದ್ದೆಲ್ಲ ಮಾಡಿನೂ ಪ್ರಯೋಜನ ಇಲ್ಲ.

ನಾವು ರುಚಿ ಅನ್ನೋದರಲ್ಲಿ ಬಹುಪಾಲು ವಾಸನೆ. ನಂಬಿಕೆ ಬರದಿದ್ರೆ ಅಂಗಡೀಲಿ ಜೀರಿಗೆ ಪೆಪ್ಪರ್‌ಮಿಂಟ್ ತಂದು ಮೂಗು ಗಟ್ಟಿಯಾಗಿ ಮುಚ್ಕೊಂಡು ಬಾಯಿಗೆ ಹಾಕ್ಕೊಂಡು ಅಗೀರಿ, ಬರೀ ಸಿಹಿ ಗೊತ್ತಾಗತ್ತೆ, ಮೂಗು ಬಿಟ್ಟ ತಕ್ಷಣ ಜೀರಿಗೆ ಬಂದು ಕೂರತ್ತೆ. ಬಿಯರಲ್ಲೂ ಇದೇ ನಡೆಯೋದು.

ಸುರಿದ ಕೂಡಲೇ ಮೂಸಿ, ಯಾಕಂದ್ರೆ ಕೆಲವು ಘಮ ಒಂದೆರಡು ನಿಮಿಷದಲ್ಲಿ ಹಾರಿಹೋಗತ್ತೆ. ಮೊದಲು ಗ್ಲಾಸನ್ನ ಮೂಗಿನ ಕೆಳಗೆ ಸುಮ್ನೆ ಒಂದ್ಸಲ ಹಾಯಿಸಿ. ಆಮೇಲೆ ಗ್ಲಾಸನ್ನ ಮೆಲ್ಲಗೆ ತಿರುಗಿಸಿ, ಮೂಗು ಒಳಗಿಟ್ಟು ಎರಡು ಮೂರು ಪುಟ್ಟ ಉಸಿರು, ನಾಯಿ ಮೂಸೋ ಹಾಗೆ. ಪ್ರಾಣಾಯಾಮದ ಥರ ಒಂದೇ ಉದ್ದ ಉಸಿರು ಎಳೆದ್ರೆ ಮೂಗು ಬೇಗ ಸೋಲತ್ತೆ. ಕೊನೆಗೆ ಗ್ಲಾಸ್ ಬಾಯನ್ನ ಅಂಗೈಲಿ ಹತ್ತು ಸೆಕೆಂಡ್ ಮುಚ್ಚಿ, ತೆಗೆದು ಮೂಸಿ. ಮೂಗು ಸೋತ್ರೆ ನಿಮ್ಮ ಮೊಣಕೈ ಒಳಭಾಗ ಮೂಸ್ಕೊಳ್ಳಿ, ನಿಮ್ಮದೇ ಮೈ ವಾಸನೆ ಮೂಗಿಗೆ ವಿಶ್ರಾಂತಿ ಕೊಡತ್ತೆ. ಕಾಫಿ ಬೀಜ ಮೂಸಿ ಅಂತ ಕೆಲವರು ಹೇಳ್ತಾರೆ, ಬೇಡ, ಅದೊಂದು ಇನ್ನೊಂದು ಘಾಟು ಅಷ್ಟೆ, ಸ್ಟೌಟ್ ಪಕ್ಕದಲ್ಲಿದ್ರಂತೂ ಪೂರ್ತಿ ಗೊಂದಲ.

ಈಗ ಪದ. ಎಲ್ಲರೂ ಸಿಕ್ಕಿಹಾಕ್ಕೊಳ್ಳೋದು ಇಲ್ಲೇ. ಪಬ್ಬಿನ ಮೆನುಲಿ ಗ್ರೇಪ್‌ಫ್ರೂಟ್, ಪೈನ್, ಬಿಸ್ಕೆಟಿ ಅಂತ ಬರೆದಿರತ್ತೆ, ನಾವು ಗ್ರೇಪ್‌ಫ್ರೂಟ್ ತಿಂದೇ ಇರಲ್ಲ, ಆದ್ರೂ ಹೌದೌದು ಗ್ರೇಪ್‌ಫ್ರೂಟ್ ಇದೆ ಅಂತ ತಲೆ ಆಡಿಸ್ತೀವಿ. ಹಾಗೆ ಮಾಡ್ಬೇಡಿ. ನಿಮ್ಮ ಮನೆ ಅಡುಗೆಮನೇಲಿ, ನಿಮ್ಮೂರ ಸಂತೇಲಿ ಇರೋ ವಾಸನೆಗಳಿಂದಾನೇ ಹೆಸರು ಕೊಡಿ, ಮೂಗಿಗೆ ನೆನಪಿರೋದು ಅದೇ. ಗ್ರೇಪ್‌ಫ್ರೂಟಿಗೆ ಹತ್ತಿರದ ನೆಂಟ ನಮ್ಮ ಚಕ್ಕೋತ. ಹಾಪ್ಸ್ ಅಂದ್ರೆ ಬಿಯರಿಗೆ ಕಹಿ, ಘಮ ಕೊಡೋ ಬಳ್ಳಿಯ ಹೂವು. ಅಮೆರಿಕನ್ ಐಪಿಎಗೆ ಹಾಕೋ ಕ್ಯಾಸ್ಕೇಡ್ ಹಾಪ್ಸ್, ಅದು 1972ರಲ್ಲಿ ಬೆಳೆಗಾರರ ಕೈಗೆ ಬಂದಿದ್ದು, ಅದರ ಘಮ ಮೂಸಿದ್ರೆ ದೇವನಹಳ್ಳಿ ಚಕ್ಕೋತದ ಸಿಪ್ಪೆ ಸುಲಿದಾಗ ಬೆರಳಿಗೆ ಹತ್ತೋ ಎಣ್ಣೆಯೇ. ಹೊಸ ಮಸುಕು ಐಪಿಎಗಳಲ್ಲಿ ಮಾವು, ಸೀಬೆ, ಕೆಲವೊಮ್ಮೆ ಸ್ವಲ್ಪ ಹಲಸು ಕೂಡ ಬರತ್ತೆ, ಹಲಸು ಅಂತ ಬರೆಯೋಕೆ ಯಾಕೆ ನಾಚಿಕೆ.

ಬವೇರಿಯಾದ ಹೆಫೆವೈಜನ್‌ನಲ್ಲಿ ಬಾಳೆಹಣ್ಣು ಮತ್ತೆ ಲವಂಗ ಹುಡುಕಿ. ಬಾಳೆಹಣ್ಣು ಫ್ಲೇವರ್ ಹಾಕಿದೀರಾ ಅಂತ ಪಕ್ಕದ ಟೇಬಲ್ಲೋರು ಕೇಳೋದನ್ನ ಎಷ್ಟೋ ಸಲ ಕೇಳಿಸ್ಕೊಂಡಿದೀನಿ, ಏನೂ ಹಾಕಿರಲ್ಲ, ಆ ತಳಿಯ ಯೀಸ್ಟ್ ತಾನೇ ಐಸೋಅಮೈಲ್ ಅಸಿಟೇಟ್ ಅನ್ನೋದನ್ನ ಮಾಡತ್ತೆ, ಬಾಳೆಹಣ್ಣಿನ ಎಸೆನ್ಸಲ್ಲಿರೋದೂ ಅದೇ. ಬಾಳೆ ಅಂತ ಬರೆದು ನಿಲ್ಲಿಸ್ಬೇಡಿ, ಯಾವ ಬಾಳೆ? ಏಲಕ್ಕಿ ಬಾಳೆಯ ತೆಳು ಹುಳಿ ಇದೆಯಾ, ಕಳಿತ ಪಚ್ಚಬಾಳೆಯ ಭಾರ ಇದೆಯಾ, ನಂಜನಗೂಡು ರಸಬಾಳೆಯ ಪರಿಮಳ ಬಂತಾ? ಬಾಳೆ ಲವಂಗ ಎರಡೂ ಸಮ ಇದ್ರೆ ನನ್ನ ಪ್ರಕಾರ ಅದೇ ಒಳ್ಳೇ ಗೋಧಿ ಬಿಯರ್, ಬರೀ ಬಾಳೆ ಇದ್ರೆ ಮಿಠಾಯಿ ಆಗಿಬಿಡತ್ತೆ. ಬೆಲ್ಜಿಯಂನ ವಿಟ್ ಕೂಡ ಗೋಧೀದೇ ಆದ್ರೂ ಅದಕ್ಕೆ ನಿಜವಾಗ್ಲೂ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕ್ತಾರೆ, ಸಾರಿನ ಪುಡಿಗೆ ಕೊತ್ತಂಬರಿ ಬೀಜ ಕುಟ್ಟಿದಾಗ ಏಳೋ ಘಮ ನೆನಪಿಸ್ಕೊಳ್ಳಿ, ಅದು ಹಿತವಾಗಿ ಹಿಂದೆ ನಿಂತಿರ್ಬೇಕು, ಬಿಯರೇ ಸಾರಾಗಬಾರ್ದು.

ಪಿಲ್ಸ್‌ನರ್ ಹುಟ್ಟಿದ್ದು 1842ರಲ್ಲಿ ಬೊಹೀಮಿಯಾದ ಪಿಲ್ಸೆನ್ ಊರಲ್ಲಿ, ಯೋಸೆಫ್ ಗ್ರೋಲ್ ಅನ್ನೋ ಬವೇರಿಯಾದ ಬ್ರೂವರ್ ಕೈಲಿ. ಅದರಲ್ಲಿ ಬೆಳಗ್ಗೆ ಅಯ್ಯಂಗಾರ್ ಬೇಕರಿ ಮುಂದೆ ಹಾದುಹೋದಾಗ ಬರೋ ಬಿಸಿ ಬನ್ನಿನ ವಾಸನೆ, ಮೇಲೊಂದು ಹಸಿರು ಹೂವಿನ ಘಮ. ಕಪ್ಪು ಲಾಗರ್, ಬ್ರೌನ್ ಏಲ್ ಥರದ್ದರಲ್ಲಿ ರಾಗಿ ಹುರಿಹಿಟ್ಟು, ರಸ್ಕು, ಜೋನಿಬೆಲ್ಲ. ಸ್ಟೌಟಲ್ಲಿ ಕಾಫಿಪುಡಿ ಅಂಗಡೀಲಿ ಬೀಜ ಹುರಿಯೋವಾಗಿನ ವಾಸನೆ, ಅದು ಹುರಿದ ಬಾರ್ಲಿಯಿಂದ ಬರೋದು, ಕಾಫಿ ಹಾಕಿದ್ರೆ ಮಾತ್ರ ಮೆನುಲಿ ಬರೆದಿರ್ತಾರೆ. ಹುಳಿ ಬಿಯರಲ್ಲಿ, ಗೋಸೆ ಬರ್ಲಿನರ್ ವೈಸೆ ಅಂಥದ್ದರಲ್ಲಿ, ಕಡೆದ ಮಜ್ಜಿಗೆಯ ಹುಳಿ ಇರ್ಬೇಕು, ಎರಡನ್ನೂ ಹುಳಿ ಮಾಡೋದು ಮೊಸರು ಮಾಡೋ ಲ್ಯಾಕ್ಟಿಕ್ ಬ್ಯಾಕ್ಟೀರಿಯಾನೇ. ಗೋಸೆಗೆ ಉಪ್ಪೂ ಹಾಕ್ತಾರೆ, ಹಾಗಾಗಿ ಉಪ್ಪು ಮಜ್ಜಿಗೆ ಕುಡಿದು ಬೆಳೆದ ನಮಗೆ ಅದು ಅಪರಿಚಿತ ಆಗಬಾರ್ದು.

ಕೆಟ್ಟ ವಾಸನೆಗಳನ್ನ ಇದಕ್ಕಿಂತ ಚೆನ್ನಾಗಿ ಕಲೀರಿ, ಯಾಕಂದ್ರೆ ನಂಗಿಷ್ಟ ಇಲ್ಲ ಅನ್ನೋದಕ್ಕೂ ಇದರಲ್ಲಿ ದೋಷ ಇದೆ ಅನ್ನೋದಕ್ಕೂ ಇರೋ ಗೆರೆ ಇದೇ. ಲಾಗರಲ್ಲಿ ಥಿಯೇಟರ್ ಪಾಪ್‌ಕಾರ್ನಿನ ಬೆಣ್ಣೆ ವಾಸನೆ ಜೋರಾಗಿ ಬಂದ್ರೆ ಅದು ಡಯಾಸಿಟೈಲ್. ಯೀಸ್ಟು ಹುದುಗೋವಾಗ ಇದು ಆಗತ್ತೆ, ಕೊನೇಲಿ ಯೀಸ್ಟೇ ವಾಪಸ್ ಹೀರ್ಕೊಳ್ಳತ್ತೆ, ಆ ಕೆಲವು ದಿನ ಕಾಯದೆ ವೀಕೆಂಡ್ ಗಿರಾಕಿಗಾಗಿ ಬೇಗ ಇಳಿಸಿದ್ರೆ ಹಾಗೇ ಉಳಿಯತ್ತೆ, ನಲ್ಲಿ ಪೈಪ್ ತೊಳೆಯದೇ ಇದ್ರೂ ಬರತ್ತೆ. ಒಂದು ಪಬ್ಬಲ್ಲಿ ಹೀಗೇ ಬೆಣ್ಣೆ ಹೊಡೆಯೋ ಲಾಗರ್ ಬಂದಾಗ ಹೇಳಿದ್ದಕ್ಕೆ ಇದು ನಮ್ಮ ಸ್ಪೆಷಲ್ ಕ್ರೀಮಿ ಸ್ಟೈಲ್ ಸಾರ್ ಅಂದ್ರು, ನಂಗೆ ನಿಜಕ್ಕೂ ಬೇಜಾರಾಯ್ತು, ಚೆಕ್ ಲಾಗರುಗಳಲ್ಲಿ ತೀರಾ ಸ್ವಲ್ಪ ಬೆಣ್ಣೆ ಒಪ್ಪಿಗೆ ಅನ್ನೋದು ನಿಜ, ಅದು ಹಾಗಿರ್ಲಿಲ್ಲ. ಬೇಯಿಸಿದ ಮೆಕ್ಕೆಜೋಳ ಅಥವಾ ಕೋಸಿನ ವಾಸನೆ ಬಂದ್ರೆ ಅದು ಡಿಎಂಎಸ್ ಅನ್ನೋ ಗಂಧಕದ ವಸ್ತು, ಕುದಿಸೋದು ಸಾಲಿಲ್ಲ. ಹಸಿರು ಸೇಬಿನ ಸಿಪ್ಪೆ ವಾಸನೆ ಅಂದ್ರೆ ಅಸಿಟಾಲ್ಡಿಹೈಡ್, ಬಿಯರ್ ಇನ್ನೂ ಎಳೇದು. ನೆಂದ ರಟ್ಟಿನ ಡಬ್ಬದ ವಾಸನೆ ಬಂದ್ರೆ ಗಾಳಿ ಸೇರಿ ಹಳಸಿದೆ. ಡೆಟಾಲ್ ಥರ ಬಂದ್ರೆ ನೀರಿನ ಕ್ಲೋರಿನ್ ಸರಿಯಾಗಿ ತೆಗ್ದಿಲ್ಲ. ಮಂಚೂರಿ ಗಾಡಿಯ ವಿನೆಗರ್ ಬಂದ್ರೆ ಹುಳಿ ಬಿಯರಲ್ಲೂ ಅದು ಹೊಗಳಿಕೆ ಅಲ್ಲ, ಬೆಲ್ಜಿಯಂನ ಫ್ಲಾಂಡರ್ಸ್ ಕೆಂಪು ಬಿಯರಲ್ಲಿ ಸ್ವಲ್ಪ ಬಿಟ್ರೆ.

ಇನ್ನೊಂದು, ಹಸಿರು ಬಾಟಲಿ. ಬೆಳಕು ಹಾಪ್ಸಿನ ಕಹಿ ಅಂಶವನ್ನ ಒಡೆದು ಗಂಧಕದ ಒಂದು ವಸ್ತು ಮಾಡತ್ತೆ, ನಮ್ಮ ಅಡುಗೆ ಗ್ಯಾಸಿಗೆ ವಾಸನೆ ಬರ್ಲಿ ಅಂತ ಬೆರೆಸ್ತಾರಲ್ಲ, ಅದೇ ಕುಲದ್ದು. ಕಂದು ಬಾಟಲಿ ತಡೆಯತ್ತೆ, ಹಸಿರು ಹೆಚ್ಚು ತಡೆಯಲ್ಲ, ಬಿಳೀದು ತಡೆಯೋದೇ ಇಲ್ಲ. ಅಂಗಡಿ ಮುಂದೆ ಬಿಸಿಲಿಗೆ ಜೋಡಿಸಿಟ್ಟ ಹಸಿರು ಬಾಟಲಿ ದುಬಾರಿ ಆದ್ರೂ ತಗೋಬೇಡಿ, ಒಳಗಿನ ಕತ್ತಲೆ ಕೇಸಿಂದ ಕೊಡಿ ಅಂತ ಕೇಳಿ, ಅಥವಾ ಕ್ಯಾನ್ ತಗೊಳ್ಳಿ.

ಒಂದು ಗ್ಲಾಸಿಗೆ ಮೂರು ವಾಸನೆಯಾದ್ರೂ ಬರ್ಕೊಳ್ಳೋ ತನಕ ಗುಟುಕು ಬೇಡ. ಪಕ್ಕದವರು ಏನು ಬರೆದ್ರು ಅಂತ ನೋಡ್ಬೇಡಿ, ಜೋರಾಗಿ ಹೇಳ್ಬೇಡಿ ಕೂಡ, ಒಬ್ರು ಮಾವು ಅಂದ್ರೆ ಸಾಕು ಎಲ್ಲರಿಗೂ ಮಾವೇ ಬರತ್ತೆ.

ಗುಟುಕು

ವೈನ್ ರುಚಿ ನೋಡೋರು ಉಗೀತಾರೆ, ಬಿಯರಲ್ಲಿ ನುಂಗಬೇಕು, ಅದಕ್ಕೇ ಕಮ್ಮಿ ತಗೊಳ್ಳಿ ಅಂದಿದ್ದು. ಬಾಯಿ ತುಂಬ ಅಲ್ಲ, ಒಂದು ದೊಡ್ಡ ಚಮಚದಷ್ಟು, ನಾಲಿಗೆ ಮೇಲೆಲ್ಲ ಹರಡಿ ಮೂರು ಸೆಕೆಂಡ್ ಬಿಟ್ಟು ನುಂಗಿ, ಬಾಯಿ ಮುಚ್ಚಿ ಮೂಗಿಂದ ಉಸಿರು ಬಿಡಿ. ಆ ಉಸಿರಲ್ಲಿ ಬರೋದನ್ನ ಹಿಡ್ಕೊಳ್ಳಿ. ಕಹಿ ನಾಲಿಗೆ ಹಿಂಭಾಗಕ್ಕೆ ಮಾತ್ರ ಗೊತ್ತಾಗತ್ತೆ ಅಂತ ಸ್ಕೂಲ್ ಪುಸ್ತಕದಲ್ಲಿದ್ದ ನಾಲಿಗೆ ಚಿತ್ರ ತಪ್ಪು, ಮರೆತುಬಿಡಿ.

ಸಿಹಿ ಕಹಿ ಹುಳಿ ಯಾವುದು ಮೊದಲು, ಯಾವುದು ಕೊನೆಗೆ ಉಳೀತು ಬರೀರಿ. ಕಹಿ ಮತ್ತೆ ಒಗರು ಬೇರೆ ಮಾಡಿ: ಹಾಗಲಕಾಯಿದು ಕಹಿ, ಬಾಳೆಕಾಯಿದು ಒಗರು. ಕಹಿ ಹಾಪ್ಸಿನ ಗುಣ, ಒಗರು ಬಹಳ ಸಲ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಹೊಟ್ಟನ್ನ ಜಾಸ್ತಿ ತೊಳೆದು ಹಿಂಡಿದ್ದರ ಗುರುತು. ಐಪಿಎ ಕಹಿ ಇದ್ರೆ ತಪ್ಪಲ್ಲ, ಒಗರಿದ್ರೆ ತಪ್ಪು. ಆಮೇಲೆ ಬಾಯಲ್ಲಿ ನೀರಿನ ಥರ ಇದೆಯಾ, ಗಂಜಿ ಥರ ದಪ್ಪ ಇದೆಯಾ, ಗ್ಯಾಸ್ ಚುಚ್ಚತ್ತಾ ಅಂತ ನೋಡಿ. ನೈಟ್ರೋ ಸ್ಟೌಟ್ ಕೆನೆ ಥರ ಇರೋದು ಸಾರಜನಕದ ಗುಳ್ಳೆ ಸಣ್ಣದಾಗಿರೋದಕ್ಕೆ. ಕಪ್ಪಗಿದೆ, ಕೆನೆ ಇದೆ ಅಂತ ಅದು ಸ್ಟ್ರಾಂಗ್ ಅನ್ಕೋಬೇಡಿ, ಐರಿಷ್ ಸ್ಟೌಟ್ ಸಾಮಾನ್ಯವಾಗಿ 4ರಿಂದ 5 ಪರ್ಸೆಂಟ್ ಅಷ್ಟೆ, ಬಂಗಾರ ಬಣ್ಣದ ಬೆಲ್ಜಿಯನ್ ಟ್ರಿಪೆಲ್ ಬಹಳ ಸಲ 8 ದಾಟಿರತ್ತೆ.

ಮಾರ್ಕ್ಸ್

ಐದು ಸ್ಟಾರ್ ಬಿಟ್ಟುಬಿಡಿ. ಅಮೆರಿಕದಲ್ಲಿ 1985ರಲ್ಲಿ ಶುರುವಾದ ಬಿಜೆಸಿಪಿ ಅಂತ ಬಿಯರ್ ಜಡ್ಜ್‌ಗಳ ಸಂಸ್ಥೆ ಇದೆ, ಅವರ 50 ಮಾರ್ಕ್ಸಿನ ಹಾಳೆ ನನಗೆ ಸರಿ ಅನ್ನಿಸಿರೋದು: ಘಮಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿನ ಅನುಭವಕ್ಕೆ 5, ಒಟ್ಟಾರೆ 10. ನೋಟಕ್ಕೆ ಬರೀ 3 ಅನ್ನೋದನ್ನ ಗಮನಿಸಿ, ಘಮಕ್ಕೆ ಅದರ ನಾಲ್ಕರಷ್ಟು. ಅವರ ಲೆಕ್ಕದಲ್ಲಿ 21ರಿಂದ 29 ಅಂದ್ರೆ ಒಳ್ಳೇದು, 30ರಿಂದ 37 ತುಂಬಾ ಒಳ್ಳೇದು, 38ರಿಂದ 44 ಅತ್ಯುತ್ತಮ, 45ರ ಮೇಲೆ ಸಿಗೋದು ಅಪರೂಪ. ನಮ್ಮೋರು ಪರೀಕ್ಷೆ ಮಾರ್ಕ್ಸಿನ ಅಭ್ಯಾಸಕ್ಕೆ 28 ಅಂದ್ರೆ ಅಯ್ಯೋ ಇಷ್ಟೇನಾ ಅಂತಾರೆ, ಅದು ಕುಡಿಯೋಕೆ ಚೆನ್ನಾಗಿರೋ ಬಿಯರೇ, ಒಂದೆರಡು ಕೊರತೆ ಇದೆ ಅಷ್ಟೆ.

ಪ್ರತಿ ಸಾಲಿಗೂ ಮಾರ್ಕ್ಸ್ ಹಾಕೋವಾಗ ಕೇಳ್ಕೋಬೇಕಾದ್ದು ಒಂದೇ, ಈ ಬಿಯರ್ ತನ್ನನ್ನ ತಾನು ಏನಂತ ಕರ್ಕೊಂಡಿದೆಯೋ ಆ ಸ್ಟೈಲಿಗೆ ಇದು ಎಷ್ಟು ಹತ್ತಿರ. ಗೋಧಿ ಬಿಯರಲ್ಲಿ ಕಹಿ ಇಲ್ಲ ಅಂತ ಕಳೀಬೇಡಿ, ಇರಬಾರ್ದು. ಬಿಸಿಬೇಳೆಬಾತು ಪುಳಿಯೋಗರೆ ಥರ ಉದುರುದುರಾಗಿಲ್ಲ ಅಂತ ಯಾರಾದ್ರೂ ಮಾರ್ಕ್ಸ್ ಕಳೀತಾರಾ? ಮಾವಿನ ಸೀಸನ್ನಲ್ಲಿ ಮಾವು, ರಾಗಿ, ಕೊಡಗಿನ ಕಾಫಿ ಹಾಕಿ ಮಾಡೋ ಬಿಯರಿಗೆ ಹಾಕಿದ ವಸ್ತು ಗೊತ್ತಾಗ್ಬೇಕು, ಕೆಳಗೆ ಬಿಯರೂ ಉಳಿದಿರ್ಬೇಕು, ಎರಡಕ್ಕೂ ಮಾರ್ಕ್ಸಿದೆ. ಹಣ್ಣಿನ ಬದಲು ಸಿರಪ್ ಹೊಯ್ದು ಮಾಡಿದ್ದು ಮೊದಲ ಮೂಸುವಿಕೇಲೇ ಗೊತ್ತಾಗತ್ತೆ, ಸಿಪ್ಪೆ ಕಡೆಯ ಹಸಿ ವಾಸನೆ ಇರಲ್ಲ, ಬರೀ ಜ್ಯೂಸ್ ಸೆಂಟರಿನ ಸಿಹಿ, ಅಂಥದ್ದಕ್ಕೆ ನಾನು ಘಮಕ್ಕೆ 12ರಲ್ಲಿ 4ರ ಮೇಲೆ ಕೊಡಲ್ಲ. ನಿಮಗೆ ಇಷ್ಟ ಆಯ್ತೋ ಇಲ್ವೋ ಅನ್ನೋದಕ್ಕೆ ಹಾಳೆ ಕೆಳಗೆ ಬೇರೆ ಒಂದು ಸಾಲು ಇಡಿ, ಅಲ್ಲಿ ಮನಸ್ಸಿಗೆ ಬಂದಿದ್ದು ಬರೀರಿ. ನನ್ನ ಹಾಳೆಗಳಲ್ಲಿ 40 ತಗೊಂಡು ಕೆಳಗೆ ಮತ್ತೆ ಬೇಡ ಅಂತ ಬರೆದಿರೋ ಡಬಲ್ ಐಪಿಎಗಳಿವೆ, 31 ತಗೊಂಡು ಪ್ರತಿ ತಿಂಗಳು ಕುಡಿಯೋ ಗೋಧಿ ಬಿಯರೂ ಇದೆ.

ಲೇಬಲ್ ನೋಡದೆ ಮಾಡಿದ್ರೆ ಇನ್ನೂ ಒಳ್ಳೇದು. ಸುರಿಯೋದು ಒಬ್ರು, ಅವರು ಅವತ್ತು ಕುಡಿಯಲ್ಲ, ಗ್ಲಾಸಿನ ತಳಕ್ಕೆ ನಂಬರ್ ಚೀಟಿ ಅಂಟಿಸಿ ಸ್ಟೈಲ್ ಮಾತ್ರ ಹೇಳ್ತಾರೆ, ಕಂಪನಿ ಹೆಸರು ಹೇಳಲ್ಲ. ರೇಟು, ಆ್ಯಪಲ್ಲಿ ಬೇರೆಯವರು ಕೊಟ್ಟಿರೋ ಸ್ಟಾರು ಯಾವುದೂ ಮೊದಲೇ ನೋಡೋ ಹಾಗಿಲ್ಲ.

ಮೂಗನ್ನ ಪಳಗಿಸೋಕೆ ಮನೇಲಿ ಇದೊಂದು ಮಾಡಿ: ಒಂದೇ ಥರ ಕಾಣೋ ಎರಡು ಬಿಯರ್, ಮೂರು ಗ್ಲಾಸು, ಎರಡರಲ್ಲಿ ಒಂದೇ ಬಿಯರು, ಮೂರನೇದ್ರಲ್ಲಿ ಇನ್ನೊಂದು. ಕಣ್ಣು ಮುಚ್ಕೊಂಡು ಬರೀ ಮೂಸಿ ಬೇರೆಯಾದ್ದು ಯಾವುದು ಹೇಳಬೇಕು. ಎರಡು ಬ್ರ್ಯಾಂಡಿನ ಮಾಮೂಲಿ ಲಾಗರಿಂದ ಶುರು ಮಾಡಿ, ಕಷ್ಟ ಅನ್ಸತ್ತೆ, ಮೊದಲ ವಾರ ತಪ್ಪೇ ಬರತ್ತೆ. ಆಮೇಲೆ ಒಂದೇ ಬ್ರ್ಯಾಂಡಿನ ಎರಡು ಕ್ಯಾನ್ ತಂದು ಒಂದನ್ನ ಫ್ರಿಜ್ಜಲ್ಲಿ, ಇನ್ನೊಂದನ್ನ ಅಡುಗೆಮನೆ ಶೆಲ್ಫ್ ಮೇಲೆ ಏಪ್ರಿಲ್ ಮೇ ಎರಡು ತಿಂಗಳು ಬಿಟ್ಟು, ಕೊನೆಗೆ ಅದನ್ನೂ ತಣ್ಣಗೆ ಮಾಡಿ ಎರಡನ್ನೂ ಇದೇ ಥರ ಮೂರು ಗ್ಲಾಸಿಗೆ ಹಾಕಿ ನೋಡಿ. ಶೆಲ್ಫಿಂದರಲ್ಲಿ ಆ ನೆಂದ ರಟ್ಟು ಸಿಕ್ಕಿದ್ರೆ ದಿನಾಂಕ ಹಾಕಿ ಬರ್ದಿಟ್ಕೊಳ್ಳಿ, ಮುಂದಿನ ಸಲ ಪಬ್ಬಲ್ಲಿ ಅದು ಬಂದಾಗ ಮೂಗು ತಾನೇ ಹೇಳತ್ತೆ.